ಸ್ವತ್ವವೂ ಸಹಜೀವನವೂ: ಮಿತಾಕ್ಷರೆಯ ಅವರುದ್ಧಸ್ತ್ರೀವಿಚಾರದ ವಿಮರ್ಶೆ

೧

ವಿವಾಹಸಂಸ್ಕಾರವಿಲ್ಲದೆ ಒಂದೇ ಮನೆಯಲ್ಲಿ ಬಹುಕಾಲ ಕೂಡಿ ಬಾಳಿದ ಸ್ತ್ರೀಪುರುಷರು ಬೇರೆಯಾದಾಗ ಆ ಮನೆ, ಆ ಒಡವೆ, ಆ ಪಾತ್ರೆಪದಾರ್ಥ, ಕೂಡಿಟ್ಟ ಹಣ ಇವುಗಳಲ್ಲಿ ಯಾರಿಗೆ ಎಷ್ಟು ಸಲ್ಲತಕ್ಕದ್ದೆಂಬ ಪ್ರಶ್ನೆ ಇತ್ತೀಚೆಗೆ ನ್ಯಾಯಸ್ಥಾನಗಳ ಮುಂದೆ ಮತ್ತೆ ಮತ್ತೆ ಬರುತ್ತಿದೆ. ಇಂಥ ಬಾಳು ಶ್ಲಾಘ್ಯವೋ ನಿಂದ್ಯವೋ ಎಂಬುದು ಆಚಾರಾಧ್ಯಾಯದ ಚರ್ಚೆ. ಕೂಡಿ ಗಳಿಸಿದ್ದನ್ನು ಹಂಚುವುದು ಹೇಗೆಂಬುದು ವ್ಯವಹಾರಾಧ್ಯಾಯದ ಚರ್ಚೆ. ಇವೆರಡನ್ನೂ ಬೆರಸಿದುದರಿಂದಲೇ ಈ ವಿಷಯದಲ್ಲಿ ಗೊಂದಲ ಬೆಳೆದಿದೆ. ಆಚಾರದೋಷವಿದ್ದ ಮಾತ್ರಕ್ಕೆ ಒಬ್ಬನ ಗದ್ದೆ ಇನ್ನೊಬ್ಬನದಾಗುವುದಿಲ್ಲ. ಆಚಾರಶುದ್ಧಿ ಇದ್ದ ಮಾತ್ರಕ್ಕೆ ಇನ್ನೊಬ್ಬರ ದುಡಿಮೆ ತನ್ನದಾಗುವುದೂ ಇಲ್ಲ.

ಧರ್ಮಶಾಸ್ತ್ರವು ಇಂಥ ಸ್ತ್ರೀಯನ್ನು ಅಲಕ್ಷಿಸಿತೆಂದು ಕೆಲವರು ಹೇಳುವರು. ಅವಳಿಗೆ ‘ಅವರುದ್ಧಸ್ತ್ರೀ’ ಎಂಬ ಸ್ಥಾನವಿತ್ತು, ಜೀವನಾಂಶವಿತ್ತು, ಆದಕಾರಣ ಶಾಸ್ತ್ರವು ಉದಾರವಾಗಿಯೇ ಇತ್ತೆಂದು ಮತ್ತೆ ಕೆಲವರು ಹೇಳುವರು. ಈ ಎರಡು ಮಾತುಗಳೂ ಅರ್ಧಸತ್ಯಗಳು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಳಿಕೆಯಲ್ಲಿ ರಚಿತವಾಗಿ, ಕನ್ನಡನಾಡಿನಿಂದ ಹೊರಟು ಭರತಖಂಡದ ಬಹುಭಾಗವನ್ನು ಆಳಿದ ವಿಜ್ಞಾನೇಶ್ವರನ ಮಿತಾಕ್ಷರೆಯನ್ನು ಈ ದೃಷ್ಟಿಯಿಂದ ಪರ್ಯಾಲೋಚಿಸಿದರೆ, ಪ್ರಶ್ನೆಗೆ ಬೇಕಾದ ಉತ್ತರದ ಸಾಮಗ್ರಿಯೆಲ್ಲವೂ ಆ ಗ್ರಂಥದೊಳಗೇ ಇದ್ದು, ಅವರುದ್ಧಸ್ತ್ರೀಯ ಮಾತು ಬಂದ ಸ್ಥಳದಲ್ಲಿ ಮಾತ್ರ ಅದು ಉಪಯೋಗಕ್ಕೆ ಬಾರದೆ ಹೋಯಿತೆಂಬುದು ತಿಳಿಯುವುದು. ಆ ಲೋಪ ಹೇಗಾಯಿತು, ಇಂದಿನ ನ್ಯಾಯನಿರ್ಣಯಗಳಲ್ಲಿ ಅದು ಹೇಗೆ ಮುಂದುವರಿದಿದೆ ಎಂಬುದೇ ಇಲ್ಲಿ ವಿಚಾರ್ಯ.

೨

ಮೊದಲು ಅವರುದ್ಧಸ್ತ್ರೀಯು ಮಿತಾಕ್ಷರೆಯಲ್ಲಿ ಎಲ್ಲಿ ಬರುವಳೆಂಬುದನ್ನು ನೋಡಬೇಕು. ದಾಯವಿಭಾಗಪ್ರಕರಣದಲ್ಲಿ, ವಿಭಕ್ತನಾಗಿ ಪುತ್ರರಿಲ್ಲದೆ ಸತ್ತವನ ಧನವು ಪತ್ನಿಗೆ ಸೇರತಕ್ಕದ್ದೆಂದು ವಿಜ್ಞಾನೇಶ್ವರನು ಸ್ಥಾಪಿಸಲು ಹೊರಟಿದ್ದಾನೆ. ಅದಕ್ಕೆ ವಿರುದ್ಧವಾಗಿ ತೋರುವ ಸ್ಮೃತಿವಚನಗಳಿವೆ: ವಾರಸುದಾರರಿಲ್ಲದ ಧನವನ್ನು ಅರಸನು ತೆಗೆದುಕೊಂಡು ಸ್ತ್ರೀಯರಿಗೆ ಜೀವನಮಾತ್ರವನ್ನು ಕೊಡಬೇಕೆಂದು ನಾರದನೂ ಕಾತ್ಯಾಯನನೂ ಹೇಳಿದ್ದಾರೆ. ಇವು ಪತ್ನಿಯ ವಿಷಯವಾದರೆ ಪತ್ನಿಗೆ ಅನ್ನವಸ್ತ್ರವೇ ಹೊರತು ಧನವಿಲ್ಲವೆಂದಾಗುವುದು. ವಿಜ್ಞಾನೇಶ್ವರನು ಇದನ್ನು ಬಹು ಜಾಣ್ಮೆಯಿಂದ ಪರಿಹರಿಸುತ್ತಾನೆ. ಆ ವಚನಗಳಲ್ಲಿರುವುದು ‘ಯೋಷಿತ್’ ಮೊದಲಾದ ಸಾಮಾನ್ಯಶಬ್ದ, ‘ಪತ್ನೀ’ಶಬ್ದವು ಯಜ್ಞಸಂಯೋಗವುಳ್ಳವಳನ್ನು ಹೇಳತಕ್ಕದ್ದು, ಆದಕಾರಣ ಜೀವನಮಾತ್ರವನ್ನು ವಿಧಿಸುವ ವಚನಗಳು ಅವರುದ್ಧಸ್ತ್ರೀಯರ ವಿಷಯವೆಂದು ಅವನ ನಿರ್ಣಯ.

ಪತ್ನಿಯ ಹಕ್ಕನ್ನು ಉಳಿಸಿದ ಕೀರ್ತಿ ಈ ವ್ಯಾಖ್ಯಾನಕ್ಕೆ ಸಲ್ಲಬೇಕು. ಆದರೆ ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅವರುದ್ಧಸ್ತ್ರೀಯು ಈ ಪ್ರಕರಣಕ್ಕೆ ತನ್ನ ಸ್ವಂತ ಕಾರ್ಯಕ್ಕಾಗಿ ಬಂದವಳಲ್ಲ. ಪ್ರತಿವಾದಿಯ ವಚನಗಳಿಗೆ ಒಂದು ವಿಷಯ ಬೇಕಾಗಿತ್ತು. ನಿರ್ವಿಷಯವಾಗಿ ಬಿಟ್ಟರೆ ಸ್ಮೃತಿಗೆ ವೈಯರ್ಥ್ಯ ಬರುವುದು. ಆ ವಚನಗಳನ್ನು ಇಳಿಸುವ ಜಗುಲಿಯಾಗಿ ಅವಳು ಒದಗಿದಳು. ಅವಳು ಏನು ತಂದಿದ್ದಳು, ಏನು ದುಡಿದಳು, ಯಾವುದು ಅವಳದು ಎಂಬ ವಿಚಾರವೇ ಅಲ್ಲಿ ಇಲ್ಲ. ಸತ್ತವನ ಧನದಲ್ಲಿ ಅವಳಿಗೆ ಏನು ಕೊಡಬಹುದೆಂಬುದಷ್ಟೇ ಇದೆ. ಹೀಗೆ ಅವಳ ಹಕ್ಕೆಂಬುದು ಆರಂಭದಿಂದಲೂ ದಾಯದ ಅಂಚಿನಲ್ಲಿ, ಅನುಗ್ರಹರೂಪವಾಗಿ ನಿಂತಿತು.

ಇದರ ಪರಿಣಾಮ ಶತಮಾನಗಳ ಮೇಲೆ ಕಂಡಿತು. ೧೯೨೬ರಲ್ಲಿ ಪ್ರಿವೀ ಕೌನ್ಸಿಲು ಮುಂಬಯಿಯ ಒಂದು ವ್ಯಾಜ್ಯದಲ್ಲಿ ಈ ಸ್ಥಳವನ್ನು ಪರಿಶೀಲಿಸಿ, ಪುರುಷನ ಮರಣಪರ್ಯಂತ ಅವನೊಬ್ಬನೊಡನೆಯೇ ಇದ್ದ ಅವರುದ್ಧಸ್ತ್ರೀಗೆ ಅವನ ಆಸ್ತಿಯಿಂದ ಜೀವನಾಂಶವುಂಟೆಂದೂ, ಅವಳು ಅವನ ಪತ್ನಿಯಿರುವ ಮನೆಯಲ್ಲಿಯೇ ವಾಸಿಸಿರಬೇಕೆಂಬ ನಿಯಮವಿಲ್ಲವೆಂದೂ ತೀರ್ಮಾನಿಸಿತು. ತೀರ್ಪು ದಯಾಪೂರ್ಣವಾದುದೇ. ಆದರೆ ಹಕ್ಕು ಹುಟ್ಟುವುದು ಪುರುಷನ ಮರಣದಿಂದ. ಅವನು ಬದುಕಿರುವಾಗಲೇ ಬೇರೆಯಾದವಳಿಗೆ ಇದರಿಂದ ಒಂದು ಕಾಸೂ ಇಲ್ಲ. ಇಪ್ಪತ್ತು ವರ್ಷ ಬಾಳಿ ಅವನ ಚಿತೆಯವರೆಗೆ ನಿಂತವಳಿಗೆ ಅನ್ನವುಂಟು. ಇಪ್ಪತ್ತು ವರ್ಷ ಬಾಳಿ ಅವನಿಂದ ತಳ್ಳಿಸಿಕೊಂಡವಳಿಗೆ ಅದೂ ಇಲ್ಲ! ಅನಂತರ ೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶ ಶಾಸನವು ಅವಲಂಬಿತರ ಪಟ್ಟಿಯನ್ನು ಮಾಡಿದಾಗ ಅದರಲ್ಲಿ ಅವರುದ್ಧಸ್ತ್ರೀಯ ಹೆಸರಿರಲಿಲ್ಲ. ಆ ಶಾಸನಕ್ಕೆ ಮುಂಚೆಯೇ ಹುಟ್ಟಿದ್ದ ಹಕ್ಕು ಅದರಿಂದ ಅಳಿಯುವುದಿಲ್ಲವೆಂದು ೧೯೬೫ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಮುಂದಿನವರಿಗೆ ಆ ಬಾಗಿಲು ಮುಚ್ಚಿತು. ಅನುಗ್ರಹವಾಗಿ ಬಂದದ್ದು ಒಂದು ಶಾಸನದ ಮೌನದಿಂದಲೇ ಹೋಗಬಲ್ಲದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

೩

ಇನ್ನು ವಿಜ್ಞಾನೇಶ್ವರನ ಸ್ವಂತ ಸಿದ್ಧಾಂತಗಳಿಂದಲೇ ಈ ಸ್ಥಳವನ್ನು ಪರೀಕ್ಷಿಸಬೇಕು. ದಾಯವಿಭಾಗದ ಆರಂಭದಲ್ಲಿಯೇ ಅವನು ಎತ್ತುವ ಪ್ರಶ್ನೆ ಪ್ರಸಿದ್ಧವಾದುದು: ಸ್ವತ್ವವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೋ ಲೌಕಿಕವೋ? ಶಾಸ್ತ್ರೈಕಗಮ್ಯವೆಂಬ ಪೂರ್ವಪಕ್ಷವನ್ನು ಖಂಡಿಸಿ ಸ್ವತ್ವವು ಲೌಕಿಕವೆಂದು ಅವನು ಸಾಧಿಸುತ್ತಾನೆ. ಆಹವನೀಯಾಗ್ನಿಯು ಸಂಸ್ಕಾರದಿಂದ ಆಗುವಂಥದು. ಆದರೆ ಕ್ರಯವಿಕ್ರಯಾದಿಗಳಿಂದ ಲೋಕಪ್ರಯೋಜನವನ್ನು ಸಾಧಿಸುವ ಸ್ವತ್ವವು ಹಾಗಲ್ಲ. ಶಾಸ್ತ್ರವನ್ನೇ ಅರಿಯದ ಎಲ್ಲೆನಾಡುಗಳ ಜನರಲ್ಲಿಯೂ ಕೊಳ್ಳುವುದು, ಮಾರುವುದು, ತನ್ನದೆಂಬುದು, ಇನ್ನೊಬ್ಬರದೆಂಬುದು ಕಾಣುತ್ತದೆ ಎಂಬುದು ಅವನ ಯುಕ್ತಿ.

ಈ ಯುಕ್ತಿಯನ್ನು ಪ್ರಕೃತಕ್ಕೆ ತಂದರೆ ಏನಾಗುವುದು? ವಿವಾಹವು ಸಂಸ್ಕಾರ, ಅದರಿಂದಾಗುವ ಪತ್ನೀತ್ವವು ಶಾಸ್ತ್ರೀಯ. ಸ್ವತ್ವವಾದರೋ ಲೌಕಿಕ. ಶಾಸ್ತ್ರೀಯವಾದ ಒಂದರ ಅಭಾವವು ಲೌಕಿಕವಾದ ಮತ್ತೊಂದನ್ನು ಹುಟ್ಟಿಸಲೂ ಆರದು, ಕೆಡಿಸಲೂ ಆರದು. ಸಂಸ್ಕಾರವಿಲ್ಲದಿರುವುದರಿಂದ ಅವಳಿಗೆ ಪತ್ನೀತ್ವವಿಲ್ಲವೆಂದು ಹೇಳಬಹುದು. ಅವಳು ಕೊಟ್ಟ ಹಣದಿಂದ ಕೊಂಡ ಹೊಲದಲ್ಲಿ ಅವಳಿಗೆ ಸ್ವತ್ವವಿಲ್ಲವೆಂದು ಹೇಳಲಾಗದು. ಅಗ್ನಿಸಾಕ್ಷಿಯಿಲ್ಲದಿದ್ದರೂ ಕ್ರಯವು ಕ್ರಯವೇ.

ಎರಡನೆಯದು ಸ್ತ್ರೀಧನವಿಚಾರ. ಯಾಜ್ಞವಲ್ಕ್ಯನ ಸ್ತ್ರೀಧನಲಕ್ಷಣದಲ್ಲಿರುವ ‘ಆದ್ಯ’ಶಬ್ದದ ಬಲದಿಂದ, ದಾಯ, ಕ್ರಯ, ಸಂವಿಭಾಗ, ಪರಿಗ್ರಹ, ಅಧಿಗಮ ಈ ಎಲ್ಲ ವಿಧದಿಂದ ಸ್ತ್ರೀಗೆ ಬಂದುದೂ ಸ್ತ್ರೀಧನವೇ ಎಂದು ಮಿತಾಕ್ಷರೆ ಹೇಳುತ್ತದೆ, ಮತ್ತು ಸ್ತ್ರೀಧನಶಬ್ದವು ಯೌಗಿಕವೇ ಹೊರತು ಪಾರಿಭಾಷಿಕವಲ್ಲವೆಂದು ಸ್ಪಷ್ಟಪಡಿಸುತ್ತದೆ. ಯೌಗಿಕವಾದರೆ ಸ್ತ್ರೀಯ ಧನವೆಲ್ಲ ಸ್ತ್ರೀಧನ. ಪತ್ನಿಯ ಧನವೆಂದು ಸಂಕೋಚಿಸಲು ಕಾರಣವಿಲ್ಲ. ಅಷ್ಟೇ ಅಲ್ಲ. ಶಿಲ್ಪದಿಂದ ಬಂದ ಸ್ತ್ರೀಯ ಗಳಿಕೆಯಲ್ಲಿ ಭರ್ತೃವಿಗೆ ಸ್ವಾಮ್ಯವೆಂದು ಕಾತ್ಯಾಯನನ ಮತವಿದೆ. ಕ್ಷಾಮ, ಧರ್ಮಕಾರ್ಯ, ವ್ಯಾಧಿ, ಸೆರೆ ಈ ಸಂಕಟಗಳಲ್ಲಿ ಭರ್ತೃವು ಸ್ತ್ರೀಧನವನ್ನು ತೆಗೆದುಕೊಂಡರೆ ಹಿಂದಕ್ಕೆ ಕೊಡಬೇಕಾದುದಿಲ್ಲವೆಂದು ಯಾಜ್ಞವಲ್ಕ್ಯನ ಅಪವಾದವಿದೆ. ಈ ಎರಡೂ ಭರ್ತೃತ್ವನಿಮಿತ್ತವಾದವು. ಭರ್ತೃವಲ್ಲದವನಿಗೆ ಈ ಸೌಲಭ್ಯಗಳು ಯಾವ ದಾರಿಯಿಂದ ಬಂದಾವು? ಆದಕಾರಣ ವಿವಾಹವಿಲ್ಲದ ಸಹಜೀವನದಲ್ಲಿ ಸ್ತ್ರೀಯ ಗಳಿಕೆ ಪತ್ನಿಯ ಗಳಿಕೆಗಿಂತಲೂ ನಿರಂಕುಶವಾಗಿ ಅವಳದೇ ಎಂದಾಗುವುದು. ವಿವಾಹದ ಭಾರವನ್ನು ಹೊರದವನು ವಿವಾಹದ ಅನುಕೂಲವನ್ನು ಬೇಡಲಾರನು.

೪

ಈ ನಿಗಮನವು ಬರಿಯ ತರ್ಕವಲ್ಲ. ಪ್ರಾಚೀನವ್ಯವಹಾರದಲ್ಲಿ ಇದಕ್ಕೆ ಅನುಕೂಲವಾದ ಪ್ರಮಾಣವುಂಟು. ೧೯೦೯ರಲ್ಲಿ ಮೈಸೂರಿನಿಂದ ಆರ್. ಶಾಮಶಾಸ್ತ್ರಿಗಳ ಪರಿಶೋಧನೆಯೊಡನೆ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಧರ್ಮಸ್ಥೀಯವೆಂಬ ಮೂರನೆಯ ಅಧಿಕರಣದ ವಿವಾಹಪ್ರಕರಣವನ್ನು ನೋಡಬೇಕು. ವೃತ್ತಿ, ಆಬಂಧ್ಯ ಎಂದು ಸ್ತ್ರೀಧನವು ಅಲ್ಲಿ ಎರಡು ಬಗೆ: ಮೊದಲನೆಯದು ಜೀವನೋಪಾಯ, ಎರಡನೆಯದು ಮೈಮೇಲಿನ ಒಡವೆ. ಧರ್ಮ್ಯವಿವಾಹಗಳಲ್ಲಿ, ಮಕ್ಕಳಾದ ದಂಪತಿಗಳು ಮೂರು ವರ್ಷ ಅನುಭವಿಸಿದ ಸ್ತ್ರೀಧನದ ವಿಷಯದಲ್ಲಿ ಸ್ತ್ರೀಯು ಆಕ್ಷೇಪಿಸತಕ್ಕದ್ದಲ್ಲವೆಂದು ಕೌಟಿಲ್ಯನು ವಿಧಿಸುತ್ತಾನೆ. ಗಾಂಧರ್ವದಲ್ಲಿಯೂ ಆಸುರದಲ್ಲಿಯೂ ಹಾಗೆ ಅನುಭವಿಸಿದ್ದರೆ ಎರಡನ್ನೂ ಬಡ್ಡಿಸಹಿತ ಹಿಂದಕ್ಕೆ ಕೊಡಿಸಬೇಕು. ರಾಕ್ಷಸಪೈಶಾಚಗಳಲ್ಲಿ ಅನುಭವಿಸಿದ್ದರೆ ಅದು ಕಳವು.

ಈ ಮೂರು ಮೆಟ್ಟಿಲುಗಳ ಕ್ರಮವನ್ನು ಗಮನಿಸತಕ್ಕದ್ದು. ಬಂಧವು ಎಷ್ಟು ಸಂಸ್ಕಾರಯುಕ್ತವೋ ಅಷ್ಟು ಧನವು ಬೆರೆಯುವುದಕ್ಕೆ ಅವಕಾಶ. ಎಷ್ಟು ಸಂಸ್ಕಾರಹೀನವೋ ಅಷ್ಟು ಲೆಕ್ಕವು ಬಿಗಿ. ಇಂದಿನ ಲೋಕಾಭಿಪ್ರಾಯವು ಇದಕ್ಕೆ ತಲೆಕೆಳಗಾಗಿದೆ: ಮದುವೆಯಾಗಿದ್ದರೆ ಲೆಕ್ಕ ಕೇಳಬಹುದು, ಆಗದಿದ್ದರೆ ಹೋದದ್ದು ಹೋಯಿತು ಎಂಬುದು ಬಹುಜನರ ನಂಬಿಕೆ. ಕೌಟಿಲ್ಯನು ಕಾರಣವನ್ನು ಹೇಳಿಲ್ಲ. ಆದರೆ ಊಹಿಸುವುದು ಕಷ್ಟವಲ್ಲ. ಎರಡು ಕುಲಗಳು ಕೂಡಿ ನಡಸಿದ ಮದುವೆಯಲ್ಲಿ ಸ್ತ್ರೀಯ ಹಿತಕ್ಕೆ ಕಾವಲಿರುವವರು ಹಲವರು. ಇಬ್ಬರ ಇಚ್ಛೆಯೊಂದೇ ಆಧಾರವಾದ ಕೂಟದಲ್ಲಿ ಆ ಕಾವಲು ತೆಳುವಾಗುವುದರಿಂದ ರಾಜಶಾಸನವೇ ಕಾವಲಾಗಬೇಕಾಯಿತು.

ಗಾಂಧರ್ವವೂ ವಿವಾಹಭೇದವೇ, ಅವಿವಾಹಿತರಿಗೆ ಆ ನಿಯಮವನ್ನು ಹೇಗೆ ಅನ್ವಯಿಸುವುದೆಂದು ಕೇಳಬಹುದು. ಸಾಕ್ಷಾತ್ತಾಗಿ ಅನ್ವಯಿಸಬೇಕೆಂದು ಇಲ್ಲಿ ಅಭಿಪ್ರಾಯವಲ್ಲ. ಕೈಮುತಿಕನ್ಯಾಯದಿಂದ ಮಾತ್ರ ಹೇಳುವುದು: ವಿವಾಹವೆಂದು ಎಣಿಸಲ್ಪಟ್ಟ ಗಾಂಧರ್ವದಲ್ಲಿಯೇ ಪುರುಷನು ಬಡ್ಡಿಸಹಿತ ತೆರಬೇಕಾದರೆ, ವಿವಾಹವೇ ಅಲ್ಲದಲ್ಲಿ ತೆರಬೇಕಾದುದನ್ನು ಬೇರೆ ಹೇಳಬೇಕೆ?

೫

ಹಾಗಾದರೆ ಕೂಡಿ ಗಳಿಸಿದುದರ ವಿಭಾಗಕ್ಕೆ ಯಾವ ವ್ಯವಹಾರಪದವು ಸರಿಯಾದುದು? ದಾಯವಿಭಾಗವಲ್ಲ, ಏಕೆಂದರೆ ಇಲ್ಲಿ ದಾಯವಿಲ್ಲ. ಸ್ತ್ರೀಪುಂಧರ್ಮವಲ್ಲ, ಅದು ಪತಿಪತ್ನಿಯರ ಪರಸ್ಪರಕರ್ತವ್ಯವಿಷಯ. ಮನುವು ಎಣಿಸಿದ ಹದಿನೆಂಟು ಪದಗಳಲ್ಲಿ ಇದಕ್ಕೆ ಹೊಂದುವುದು ಸಂಭೂಯಸಮುತ್ಥಾನ, ಎಂದರೆ ಹಲವರು ಕೂಡಿ ಒಂದು ಕಾರ್ಯಕ್ಕೆ ಏಳುವುದು. ಕೂಡಿ ವ್ಯಾಪಾರಮಾಡುವವರಿಗೆ ಲಾಭಾಲಾಭಗಳು ಅವರು ಹಾಕಿದ ದ್ರವ್ಯಕ್ಕೆ ತಕ್ಕಂತೆ, ಇಲ್ಲವೆ ಅವರು ಮಾಡಿಕೊಂಡ ಒಪ್ಪಂದಕ್ಕೆ ತಕ್ಕಂತೆ ಎಂದು ಯಾಜ್ಞವಲ್ಕ್ಯನು ಹೇಳಿದ್ದಾನೆ. ವಂಚಕನನ್ನು ಲಾಭವಿಲ್ಲದೆ ಹೊರಗೆ ಹಾಕಬೇಕು. ಅಶಕ್ತನಾದವನು ತನ್ನ ಕೆಲಸವನ್ನು ಇನ್ನೊಬ್ಬನಿಂದ ಮಾಡಿಸಬಹುದು. ಪ್ರಮಾದದಿಂದ ನಷ್ಟಮಾಡಿದವನು ನಷ್ಟವನ್ನು ತೆರಬೇಕು. ವಿಪತ್ತಿನಲ್ಲಿ ಸ್ವತ್ತನ್ನು ಕಾಪಾಡಿದವನಿಗೆ ಅದರ ಹತ್ತನೆಯ ಒಂದು ಭಾಗ ಹೆಚ್ಚು. ಈ ವಿಧಿಯೇ ಋತ್ವಿಜರಿಗೂ, ಒಕ್ಕಲಿಗರಿಗೂ, ಕುಶಲಕರ್ಮಿಗಳಿಗೂ ಎಂದು ಅತಿದೇಶವನ್ನೂ ಅವನೇ ಮಾಡಿದ್ದಾನೆ.

ಇಲ್ಲಿ ಬಲವಾದ ಒಂದು ಆಕ್ಷೇಪವುಂಟು. ವ್ಯಾಪಾರಿಗಳ ಪಾಲು ಬಂಡವಾಳದಿಂದ ನಿಶ್ಚಿತ. ಒಬ್ಬರು ಸಂಬಳ ತಂದು ಇನ್ನೊಬ್ಬರು ಅಡಿಗೆ, ಶುಶ್ರೂಷೆ, ಮಕ್ಕಳ ಪಾಲನೆ ಇವುಗಳಲ್ಲಿ ಕಾಲ ಕಳೆದಿದ್ದರೆ, ಎರಡನೆಯವರು ಹಾಕಿದ ದ್ರವ್ಯವೆಲ್ಲಿ? ಇಂಗ್ಲೆಂಡಿನ ಅಪೀಲು ನ್ಯಾಯಾಲಯವು ೧೯೮೪ರಲ್ಲಿ ಈ ಆಕ್ಷೇಪವನ್ನೇ ಒಪ್ಪಿ, ಮದುವೆಯಿಲ್ಲದೆ ಹತ್ತೊಂಬತ್ತು ವರ್ಷ ಸಂಸಾರ ನಡಸಿ ಮಕ್ಕಳನ್ನು ಸಾಕಿದವಳಿಗೆ ಪುರುಷನ ಹೆಸರಿನಲ್ಲಿದ್ದ ಮನೆಯಲ್ಲಿ ಪಾಲಿಲ್ಲವೆಂದಿತು.

ಸಂಭೂಯಸಮುತ್ಥಾನದ ಋತ್ವಿಗ್ವಿಧಿಯು ಈ ಆಕ್ಷೇಪಕ್ಕೆ ಉತ್ತರ. ಯಜ್ಞದಲ್ಲಿ ಹದಿನಾರು ಮಂದಿ ಋತ್ವಿಜರು ಒಂದು ಹಸುವನ್ನೂ ತಂದವರಲ್ಲ. ಕರ್ಮವನ್ನು ಮಾತ್ರ ತಂದವರು. ಆದರೂ ದಕ್ಷಿಣೆಯಲ್ಲಿ ಅವರಿಗೆ ಅಂಶಗಳುಂಟು: ಮುಖ್ಯರು ನಾಲ್ವರು, ಅರ್ಧಿಗಳು ನಾಲ್ವರು, ತೃತೀಯಿಗಳು ನಾಲ್ವರು, ಪಾದಿಗಳು ನಾಲ್ವರು. ನೂರು ಹಸುಗಳಾದರೆ ಆ ವರ್ಗಗಳಿಗೆ ಕ್ರಮವಾಗಿ ೪೮, ೨೪, ೧೬, ೧೨ ಎಂದು ವ್ಯಾಖ್ಯಾತೃಗಳು ಎಣಿಸುವರು. ಕಡೆಯ ವರ್ಗದ ಸುಬ್ರಹ್ಮಣ್ಯನಿಗೂ ಮೂರು ಹಸುಗಳು ಬರುವುವು. ಬರಿಗೈಯಿಂದ ಹೋಗುವವನು ಒಬ್ಬನೂ ಇಲ್ಲ. ಶಿಲ್ಪಿಗಳ ವಿಷಯದಲ್ಲಿಯೂ ಕಲಿಯುವವನು, ಬಲ್ಲವನು, ಕುಶಲನು, ಆಚಾರ್ಯನು ಎಂದು ಒಂದು, ಎರಡು, ಮೂರು, ನಾಲ್ಕು ಭಾಗಗಳನ್ನು ಸ್ಮೃತಿಗಳು ಹೇಳುತ್ತವೆ. ಕರ್ಮವೂ ದ್ರವ್ಯದಂತೆಯೇ ಅಂಶಹೇತುವೆಂಬುದು ಇದರಿಂದ ಸಿದ್ಧ.

ಇನ್ನೂ ಪ್ರಕೃತವಾದುದು ಮನುವಿನ ಮತ್ತೊಂದು ವಿಧಿ. ವೃತನಾದ ಋತ್ವಿಜನು ನಡುವೆ ಕರ್ಮವನ್ನು ಬಿಟ್ಟರೆ ಏನೂ ಇಲ್ಲವೆಂದು ಮನುವು ಹೇಳುವುದಿಲ್ಲ. ಮಾಡಿದ ಕರ್ಮಕ್ಕೆ ಅನುರೂಪವಾದ ಅಂಶವನ್ನು ಸಹಕರ್ತೃಗಳು ಕೊಡತಕ್ಕದ್ದೆಂದು ಹೇಳುತ್ತಾನೆ. ಅರ್ಧದಲ್ಲಿ ನಿಂತ ಕೂಡುಬಾಳಿಗೆ ಇದಕ್ಕಿಂತ ಹತ್ತಿರವಾದ ದೃಷ್ಟಾಂತವಿಲ್ಲ. ಯಾರು ಬಿಟ್ಟರೆಂಬುದು ಮುಖ್ಯವಲ್ಲ. ಬಿಡುವವರೆಗೆ ಏನು ಮಾಡಿದರೆಂಬುದು ಮುಖ್ಯ.

ಅಂಶವು ನಿಶ್ಚಯವಾಗದಿದ್ದರೆ ಹೇಗೆ? ಜೈಮಿನಿಯ ಹತ್ತನೆಯ ಅಧ್ಯಾಯದಲ್ಲಿ ಈ ದಕ್ಷಿಣಾವಿಭಾಗದ ಪ್ರಸಂಗದಲ್ಲಿಯೇ, ವಿಶೇಷವು ಶ್ರುತವಲ್ಲದಿದ್ದರೆ ಸಮವೆಂಬ ಪಕ್ಷವು ಮೊದಲು ಬರುತ್ತದೆ. ಅರ್ಧಿ ಮೊದಲಾದ ಹೆಸರುಗಳು ವೈಷಮ್ಯವನ್ನು ತಿಳಿಸುವುದರಿಂದ ಅಲ್ಲಿ ಅದು ನಿಲ್ಲಲಿಲ್ಲ. ವೈಷಮ್ಯಸೂಚಕವಿಲ್ಲದಲ್ಲಿ ಆ ನ್ಯಾಯಕ್ಕೆ ಬಾಧೆಯಿಲ್ಲವೆಂದು ನಿಬಂಧಕಾರರು ವಿಭಾಗಗಳಲ್ಲಿ ಅದನ್ನು ಬಳಸಿದ್ದಾರೆ. ೧೮೮೨ರ ಸ್ವತ್ತು ವರ್ಗಾವಣೆ ಶಾಸನದ ೪೫ನೆಯ ಪ್ರಕರಣವೂ ಇದನ್ನೇ ಹೇಳುತ್ತದೆ: ಇಬ್ಬರ ಹೆಸರಿಗೆ ಸ್ಥಿರಸ್ವತ್ತನ್ನು ಕೊಂಡಾಗ, ಬೇರೆ ಒಪ್ಪಂದವಿಲ್ಲದಿದ್ದರೆ, ಅವರವರು ಹಾಕಿದ ಹಣದ ಪ್ರಮಾಣದಂತೆ ಪಾಲು, ಪ್ರಮಾಣಕ್ಕೆ ಸಾಕ್ಷ್ಯವಿಲ್ಲದಿದ್ದರೆ ಸಮಪಾಲೆಂದು ಊಹೆ. ಈ ಪ್ರಕರಣದಲ್ಲಿ ಪತಿಪತ್ನಿಯರೆಂಬ ಮಾತೇ ಇಲ್ಲ. ಕೊಂಡವರು ಇಬ್ಬರೆಂಬುದಷ್ಟೇ ಇದೆ.

೬

ಆದರೆ ಎಲ್ಲವೂ ಕೂಡಿ ಗಳಿಸಿದ್ದಲ್ಲ. ಸಹಜೀವನದಲ್ಲಿ ಕೈಯಿಂದ ಕೈಗೆ ಹೋಗುವ ವಸ್ತುವು ಮೂರು ಬಗೆಯಾಗಿರಬಹುದು: ಪ್ರೀತಿದತ್ತ, ನಿಕ್ಷೇಪ, ಸಂಭೂಯಧನ. ಮೊದಲನೆಯದು ಪಡೆದವರಿಗೆ, ಎರಡನೆಯದು ಇಟ್ಟವರಿಗೆ, ಮೂರನೆಯದು ಇಬ್ಬರಿಗೂ. ಒಂದೇ ಒಡವೆ ಈ ಬೇರೆ ಬೇರೆ ರೂಪಗಳನ್ನು ತಾಳಬಲ್ಲದೆಂಬುದಕ್ಕೆ ಶೂದ್ರಕನ ಮೃಚ್ಛಕಟಿಕಕ್ಕಿಂತ ಉತ್ತಮ ನಿದರ್ಶನವಿಲ್ಲ. ವಸಂತಸೇನೆಯು ಚಾರುದತ್ತನಲ್ಲಿ ಒಡವೆಗಳನ್ನು ನ್ಯಾಸವಾಗಿಟ್ಟಳು. ಅವು ಕಳವಾದಾಗ ಚಾರುದತ್ತನು ಅದನ್ನು ತನ್ನ ಋಣವೆಂದೇ ಎಣಿಸಿದನು. ಅದನ್ನು ತೀರಿಸಲು ಧೂತೆಯು ತವರಿನಿಂದ ಬಂದ ರತ್ನಾವಳಿಯನ್ನು ಕೊಟ್ಟಳು. ವಸಂತಸೇನೆಯೇ ಮುಂದೆ ರೋಹಸೇನನ ಮಣ್ಣಿನ ಬಂಡಿಯಲ್ಲಿ ಒಡವೆಗಳನ್ನು ತುಂಬಿದಾಗ ಅದು ಪ್ರೀತಿದಾನ. ಅವನ್ನು ಹಿಂದಿರುಗಿಸಲು ಹೊರಟ ಮೈತ್ರೇಯನ ಕಂಕುಳಿಂದ ನ್ಯಾಯಸಭೆಯಲ್ಲಿ ಅವು ಉದುರಿದಾಗ ಅಧಿಕರಣಿಕನ ಕಣ್ಣಿಗೆ ಅವು ಕೊಲೆಯ ಕುರುಹುಗಳಾದವು. ಒಡವೆಯನ್ನು ಕಂಡ ಮಾತ್ರದಿಂದ ಸ್ವತ್ವವು ತಿಳಿಯದು. ಅದು ಯಾವ ಭಾವದಿಂದ ಕೈಬಿಟ್ಟಿತೆಂಬುದು ತಿಳಿಯಬೇಕು.

ದಾನವೆಂದು ಕಂಡುದೆಲ್ಲ ದಾನವೂ ಅಲ್ಲ. ನಾರದನು ಹದಿನಾರು ಬಗೆಯ ‘ಅದತ್ತ’ಗಳನ್ನು ಹೇಳಿ, ಭಯದಿಂದ, ಶೋಕಾವೇಗದಿಂದ, ಛಲದಿಂದ ಕೊಟ್ಟದ್ದನ್ನೂ, ಇವನು ನನ್ನ ಕಾರ್ಯವನ್ನು ಮಾಡಿಕೊಡುವನೆಂಬ ಪ್ರತಿಲಾಭದ ಆಸೆಯಿಂದ ಕೊಟ್ಟದ್ದನ್ನೂ ಅವುಗಳಲ್ಲಿ ಸೇರಿಸಿದ್ದಾನೆ. ಹಬ್ಬಕ್ಕೆ ತಂದ ಸೀರೆ, ಹುಟ್ಟುಹಬ್ಬಕ್ಕೆ ಕೊಟ್ಟ ಉಂಗುರ ಇವು ಪ್ರೀತಿದತ್ತಗಳು. ಬೇರೆಯಾದಮೇಲೆ ಇವನ್ನು ಹಿಂದಕ್ಕೆ ಕೇಳುವುದು ಗೌರವವಲ್ಲ. ತಿಂಗಳು ತಿಂಗಳು ಮನೆಯ ಸಾಲದ ಕಂತಿಗೆ ಕೊಟ್ಟ ಹಣವು ಆ ಜಾತಿಯದಲ್ಲ. ಇಬ್ಬರೂ ಇರತಕ್ಕ ಮನೆಯೆಂಬ ನಂಬಿಕೆಯಿಂದ ಕೊಟ್ಟದ್ದು ಸಂಭೂಯಧನವೇ.

ಒಂದು ಕಲ್ಪಿತ ಲೆಕ್ಕದಿಂದ ಇದನ್ನು ವಿಶದಪಡಿಸಬಹುದು. ೬೦ ಲಕ್ಷ ರೂಪಾಯಿಗೆ ಇಬ್ಬರ ಹೆಸರಿನಲ್ಲಿ ಕೊಂಡ ಮನೆಗೆ ಒಬ್ಬರು ೪೦ ಲಕ್ಷ, ಇನ್ನೊಬ್ಬರು ೨೦ ಲಕ್ಷ ಹಾಕಿದ್ದು, ಅದು ೯೦ ಲಕ್ಷಕ್ಕೆ ಮಾರಾಟವಾದರೆ ೬೦ ಮತ್ತು ೩೦ ಲಕ್ಷವೆಂಬುದು ಯಥಾದ್ರವ್ಯನ್ಯಾಯ. ಇಷ್ಟು ಸುಲಭ. ಆದರೆ ಒಬ್ಬರ ಸಂಬಳವೆಲ್ಲ ಕಂತಿಗೂ, ಇನ್ನೊಬ್ಬರ ಸಂಬಳವೆಲ್ಲ ಅಕ್ಕಿಬೇಳೆ, ಔಷಧ, ಮಕ್ಕಳ ಶಾಲೆಯ ಶುಲ್ಕ ಇವುಗಳಿಗೂ ಹೋಗಿದ್ದರೆ, ಕಂತಿನ ರಸೀದಿ ಉಳಿಯುತ್ತದೆ, ಅಕ್ಕಿಯ ರಸೀದಿ ಉಳಿಯುವುದಿಲ್ಲ. ಎರಡನೆಯವರ ವೆಚ್ಚವಿಲ್ಲದಿದ್ದರೆ ಮೊದಲನೆಯವರ ಕಂತು ನಡೆಯುತ್ತಿರಲಿಲ್ಲ. ಆದುದರಿಂದ ಮನೆಯ ವೆಚ್ಚವೂ ಮನೆಗೆ ಹಾಕಿದ ದ್ರವ್ಯವೇ ಎಂದು ಎಣಿಸುವುದು ನ್ಯಾಯ.

೭

ಈ ದೃಷ್ಟಿಯಿಂದ ಇತ್ತೀಚಿನ ನ್ಯಾಯನಿರ್ಣಯಗಳನ್ನು ನೋಡಿದರೆ ಮಿತಾಕ್ಷರೆಯ ಲೋಪವೇ ಹೊಸ ವೇಷದಲ್ಲಿ ಕಾಣುತ್ತದೆ. ೨೦೦೫ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಯ ಶಾಸನವು ‘ವಿವಾಹದ ಸ್ವರೂಪದ ಸಂಬಂಧ’ವನ್ನು ಒಪ್ಪಿ, ಅಂಥ ಸ್ತ್ರೀಗೆ ಕೂಡಿ ವಾಸಿಸಿದ ಮನೆಯಲ್ಲಿ ವಾಸದ ಹಕ್ಕನ್ನೂ, ಅವಳಿಗೆ ಸೇರಿದ ಸ್ತ್ರೀಧನಾದಿಗಳನ್ನು ಹಿಂದಕ್ಕೆ ಕೊಡಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೂ ಕೊಟ್ಟಿತು. ಇದು ದೊಡ್ಡ ಉಪಕಾರ. ೨೦೧೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಪದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿತು: ಲೋಕದ ಮುಂದೆ ದಂಪತಿಗಳಂತೆ ತೋರಿಕೊಂಡಿರುವುದು, ವಿವಾಹಯೋಗ್ಯವಯಸ್ಸು, ಅವಿವಾಹಿತರಾಗಿರುವುದೇ ಮೊದಲಾದ ಅರ್ಹತೆ, ಸ್ವೇಚ್ಛೆಯಿಂದ ಗಣ್ಯವಾದಷ್ಟು ಕಾಲ ಕೂಡಿದ್ದುದು. ಕೇವಲ ‘ಇಟ್ಟುಕೊಂಡವಳು’ ಈ ಲಕ್ಷಣಕ್ಕೆ ಹೊರಗೆಂದೂ ಹೇಳಿತು. ಅವರುದ್ಧಸ್ತ್ರೀಯೆಂಬ ಹಳೆಯ ಪದಕ್ಕೆ ಇದಕ್ಕಿಂತ ಸರಿಯಾದ ತರ್ಜುಮೆ ಇಲ್ಲ. ಅವಳಿಗಿದ್ದ ಜೀವನಾಂಶವನ್ನು ಮಾತ್ರ ಈ ತರ್ಜುಮೆಯು ತರಲಿಲ್ಲ.

೨೦೧೩ರ ನವೆಂಬರಿನ ತೀರ್ಪು ಬೆಂಗಳೂರಿನಲ್ಲಿ ಹುಟ್ಟಿದ ವ್ಯಾಜ್ಯದ ಮೇಲಿನದು. ೧೯೯೨ರಲ್ಲಿ ಕೂಡುಬಾಳನ್ನು ಆರಂಭಿಸಿದ ಪುರುಷನಿಗೆ ಮುಂಚೆಯೇ ಪತ್ನಿಯೂ ಮಕ್ಕಳೂ ಇದ್ದರು. ಆ ಸಂಗತಿಯು ಸ್ತ್ರೀಗೆ ತಿಳಿದಿತ್ತು. ತನ್ನ ಹೆಸರಿನಲ್ಲಿ ಆರಂಭವಾದ ವ್ಯಾಪಾರವನ್ನು ಪುರುಷನು ತನ್ನ ಮನೆಗೆ ಸಾಗಿಸಿ ತನ್ನ ದುಡಿಮೆಯ ದಾರಿಯನ್ನು ತಪ್ಪಿಸಿದನೆಂಬುದು ಅವಳ ದೂರುಗಳಲ್ಲಿ ಒಂದು. ತಿಂಗಳಿಗೆ ೧೮,೦೦೦ ರೂಪಾಯಿ ಕೊಡಬೇಕೆಂದು ಮ್ಯಾಜಿಸ್ಟ್ರೇಟರು ಆಜ್ಞಾಪಿಸಿದ್ದರು. ಉಚ್ಚ ನ್ಯಾಯಾಲಯವು ಅದನ್ನು ತೆಗೆದುಹಾಕಿತು. ಸರ್ವೋಚ್ಚ ನ್ಯಾಯಾಲಯವು ಸಂಬಂಧವು ವಿವಾಹದ ಸ್ವರೂಪದ್ದಲ್ಲವೆಂದು ಅವಳ ಅಪೀಲನ್ನು ವಜಾಮಾಡಿ, ಇಂಥವರ ರಕ್ಷಣೆಗೆ ಸಂಸತ್ತು ಶಾಸನವನ್ನು ಯೋಚಿಸಬೇಕೆಂದು ಸೂಚಿಸಿತು. ಆ ತೀರ್ಪಿನಲ್ಲಿ ಎಣಿಸಿದ ಎಂಟು ಕುರುಹುಗಳಲ್ಲಿ ಹಣವನ್ನು ಒಟ್ಟುಗೂಡಿಸಿದ್ದುದೂ ಒಂದು. ಆದರೆ ಅದನ್ನು ಅಲ್ಲಿ ಎಣಿಸಿದ್ದು ಸಂಬಂಧವು ವಿವಾಹದಂತಿತ್ತೇ ಎಂಬುದಕ್ಕೆ ಲಿಂಗವಾಗಿ. ಕೂಡಿಸಿದ ಹಣವು ವಿವಾಹದ ಕುರುಹಾಯಿತೇ ಹೊರತು ಹಣವಾಗಿ ಎಣಿಕೆಗೆ ಬರಲಿಲ್ಲ. ಆ ಶಾಸನದ ಮಿತಿಯೊಳಗೆ ನ್ಯಾಯಾಲಯವು ಬೇರೆ ಹೇಳುವಂತಿರಲಿಲ್ಲವೆಂಬುದು ನಿಜ. ಆದರೆ ಜನರು ಆ ತೀರ್ಪನ್ನು ಸ್ಥಾನವಿಲ್ಲದವಳಿಗೆ ಸ್ವತ್ತೂ ಇಲ್ಲವೆಂದು ಓದಿದರೆ ಅದು ತಪ್ಪು ಓದು. ಸ್ಥಾನದಿಂದ ಬರುವುದು ಜೀವನಾಂಶ. ದುಡಿಮೆಯಿಂದ ಬರುವುದು ಅಂಶ. ಮೊದಲನೆಯದಕ್ಕೆ ಬಾಗಿಲು ಮುಚ್ಚಿದ್ದರೂ ಎರಡನೆಯದಕ್ಕೆ ಸಿವಿಲ್ ನ್ಯಾಯಾಲಯದ ಬಾಗಿಲು ತೆರೆದೇ ಇರುತ್ತದೆ.

ಆ 'ತೆರೆದ' ಬಾಗಿಲಿನಲ್ಲಿಯೂ ಒಂದು ಅಡ್ಡಗಟ್ಟೆಯಿದೆ. ಹಣ ಒಬ್ಬರದು, ಖಾತೆ ಇನ್ನೊಬ್ಬರದು ಆಗಿದ್ದರೆ ೧೯೮೮ರ ಬೇನಾಮಿ ಶಾಸನವು ಹಣ ಹಾಕಿದವರ ದಾವೆಯನ್ನು ತಡೆಯುತ್ತದೆ. ಪತ್ನಿ ಮತ್ತು ಅವಿವಾಹಿತ ಮಗಳ ಹೆಸರಿನಲ್ಲಿ ಕೊಂಡುದಕ್ಕೆ ಆ ಶಾಸನದ ಮೂಲದಲ್ಲಿಯೇ ವಿನಾಯಿತಿಯಿತ್ತು. ೨೦೧೬ರ ತಿದ್ದುಪಡಿಯು ಅದನ್ನು ಪತಿಪತ್ನಿಯರಿಗೂ ಮಕ್ಕಳಿಗೂ ವಿಸ್ತರಿಸಿತು. ಮದುವೆಯಿಲ್ಲದ ಜೊತೆಗಾರರ ಮಾತು ಅಲ್ಲಿಲ್ಲ. ನಂಬಿಕೆಯಿಂದ ಖಾತೆಯನ್ನು ಇನ್ನೊಬ್ಬರ ಹೆಸರಿಗೆ ಬಿಟ್ಟವರು ಈ ಸ್ಥಳದಲ್ಲಿ ಬಹಳ ಕಷ್ಟಕ್ಕೆ ಸಿಕ್ಕುವರು; ಅದು ನಂಬಿದ ಪುರುಷನಿಗೂ ಸಮಾನವೇ. ಉತ್ತರಾಖಂಡದ ೨೦೨೪ರ ಸಮಾನ ನಾಗರಿಕ ಸಂಹಿತೆಯು ೨೦೨೫ರ ಜನವರಿಯಿಂದ ಜಾರಿಗೆ ಬಂದು, ಸಹಜೀವನವನ್ನು ನೋಂದಾಯಿಸಬೇಕೆಂದೂ, ತ್ಯಕ್ತಳಾದ ಸ್ತ್ರೀಯು ಜೀವನಾಂಶವನ್ನು ಕೇಳಬಹುದೆಂದೂ ವಿಧಿಸಿತು. ಕೂಡಿ ಗಳಿಸಿದ ಸ್ವತ್ತಿನ ವಿಭಾಗಕ್ರಮವನ್ನು ಅದೂ ಹೇಳಲಿಲ್ಲ. ಸುಮಾರು ಒಂಬೈನೂರು ವರ್ಷಗಳ ಮೇಲೆಯೂ ಶಾಸನದ ಕಣ್ಣು ‘ಜೀವನ’ದ ಮೇಲೆಯೇ ಇದೆ, ‘ಅಂಶ’ದ ಮೇಲೆ ಬಿದ್ದಿಲ್ಲ.

ನ್ಯೂಜಿಲೆಂಡಿನವರು ಬೇರೆ ದಾರಿಯನ್ನು ಹಿಡಿದರು: ೨೦೦೨ರಿಂದ ಅಲ್ಲಿ ಮೂರು ವರ್ಷ ಕೂಡಿ ಬಾಳಿದ ಅವಿವಾಹಿತರಿಗೂ ಸಾಮಾನ್ಯವಾಗಿ ವಿವಾಹಿತರಂತೆಯೇ ಸಮವಿಭಾಗ. ಅದು ಸರಳ, ಆದರೆ ಮದುವೆ ಬೇಡವೆಂದವರ ಮೇಲೆ ಮದುವೆಯ ಫಲವನ್ನು ಕಾಲಗಣನೆಯಿಂದ ಹೊರಿಸಿದಂತಾಗುವುದು. ಸಂಭೂಯಸಮುತ್ಥಾನನ್ಯಾಯಕ್ಕೆ ಈ ದೋಷವಿಲ್ಲ. ಅದು ಯಾರನ್ನೂ ಪತಿಪತ್ನಿಯರನ್ನಾಗಿ ಮಾಡುವುದಿಲ್ಲ. ವಿವಾಹಿತಪತ್ನಿಯ ಪಾಲನ್ನು ಕಸಿದು ಇನ್ನೊಬ್ಬಳಿಗೆ ಕೊಡುವುದೂ ಇಲ್ಲ. ಹಾಕಿದವರಿಗೆ ಹಾಕಿದುದನ್ನು, ದುಡಿದವರಿಗೆ ದುಡಿದುದನ್ನು ಕೊಡುತ್ತದೆ. ಇದರಿಂದ ವಿವಾಹದ ಗೌರವಕ್ಕೆ ಕುಂದೆಂದು ಹೆದರುವವರು ಒಂದನ್ನು ಯೋಚಿಸಬೇಕು: ಲೆಕ್ಕ ಕೊಡದೆ ಹೊರಟುಹೋಗಲು ಅವಕಾಶವಿರುವವರೆಗೆ, ಮದುವೆಯಾಗದಿರುವುದೇ ಲಾಭವೆಂದು ಎಣಿಸುವವರು ಇದ್ದೇ ಇರುವರು.

೮

ಮೇಲಿನ ವಿಚಾರದಿಂದ ಸಿದ್ಧವಾದುದು ಇಷ್ಟು. ಅವರುದ್ಧಸ್ತ್ರೀಯನ್ನು ದಾಯಪ್ರಕರಣದಲ್ಲಿ ಇರಿಸಿದುದರಿಂದ ಮಿತಾಕ್ಷರೆಯಲ್ಲಿ ಅವಳ ಪ್ರಶ್ನೆಯು ಜೀವನದ ಪ್ರಶ್ನೆಯಾಗಿ ಕುಗ್ಗಿತು. ಅದೇ ಗ್ರಂಥದ ಸ್ವತ್ವಲೌಕಿಕತ್ವಸಿದ್ಧಾಂತವೂ, ಸ್ತ್ರೀಧನಶಬ್ದದ ಯೌಗಿಕತ್ವವೂ, ಸಂಭೂಯಸಮುತ್ಥಾನವಿಧಿಯೂ ಅವಳಿಗೆ ಅಂಶವನ್ನು ಕೊಡಲು ಸಾಕಾಗಿದ್ದುವು. ಕೌಟಿಲ್ಯನು ಸಂಸ್ಕಾರ ಸಡಿಲವಾದಲ್ಲಿ ಲೆಕ್ಕವನ್ನು ಬಿಗಿಮಾಡಿದನು. ಇಂದು ಶಾಸನಕಾರರು ಮಾಡಬೇಕಾದುದು ಮೂರು: ಸಂಸಾರಕರ್ಮವನ್ನೂ ಮನೆಯ ವೆಚ್ಚವನ್ನೂ ಅಂಶಹೇತುವೆಂದು ಒಪ್ಪುವುದು, ಸಾಕ್ಷ್ಯವಿಲ್ಲದಲ್ಲಿ ಸಮಪಾಲೆಂಬ ಊಹೆಯನ್ನು ಒಬ್ಬರ ಹೆಸರಿನಲ್ಲಿರುವ ವಾಸದ ಮನೆಗೂ ವಿಸ್ತರಿಸುವುದು, ಬೇನಾಮಿ ತಡೆಯಿಂದ ಪ್ರಾಮಾಣಿಕವಾದ ಕೂಡುಬಾಳಿನ ಹಣವನ್ನು ಬಿಡಿಸುವುದು. ಅದುವರೆಗೆ ಕೂಡಿ ಬಾಳುವವರು ಯಾಜ್ಞವಲ್ಕ್ಯನು ಹೇಳಿದ ಎರಡನೆಯ ದಾರಿಯನ್ನು, ಎಂದರೆ ಒಪ್ಪಂದವನ್ನು, ಪ್ರೀತಿಯಿರುವಾಗಲೇ ಬರೆದಿಟ್ಟುಕೊಳ್ಳುವುದು ಲೇಸು. ಖಾತೆಯಲ್ಲಿ ಇಬ್ಬರ ಹೆಸರೂ ಇರುವಂತೆ ನೋಡಿಕೊಳ್ಳುವುದು ಇನ್ನೂ ಲೇಸು. ಮಿತಾಕ್ಷರೆಯ ವ್ಯವಹಾರಾಧ್ಯಾಯವನ್ನು ಪಾಠಮಾಡುವ ವಿದ್ವಾಂಸರು ದಾಯಪ್ರಕರಣದ ಆ ಪಂಕ್ತಿಗಳನ್ನು ಸಂಭೂಯಸಮುತ್ಥಾನದೊಡನೆ ಸೇರಿಸಿ ಓದಿಸಿದರೆ, ಕಲ್ಯಾಣದ ಪಂಡಿತನು ಪತ್ನಿಗೆ ಮಾಡಿದ ಉಪಕಾರವು ಅವನು ನಡುದಾರಿಯಲ್ಲಿ ಬಿಟ್ಟ ಮತ್ತೊಬ್ಬಳಿಗೂ ತಲಪುವುದು.